ಲೆಕ್ಕದ ಪುಟ ಬಂದಾಗ ನೀವೆಲ್ಲ ಏನು ಮಾಡುತ್ತೀರಿ?

ಅರ್ಧಕ್ಕೆ ನಿಂತವಳು
ಒಂದು ದಪ್ಪ ಬಾಹ್ಯಾಕಾಶ ಸಾಹಸ ಕಾದಂಬರಿ ಓದುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಹೇಳಿದ ಕೂಡಲೇ ನಿಮ್ಮಲ್ಲಿ ಯಾರಾದರೊಬ್ಬರು ಕೊನೆ ಹೇಳಿಬಿಡುತ್ತೀರಿ. ನಾನು ಓದಿದ್ದು ಕಾಮರ್ಸ್, ವಿಜ್ಞಾನಕ್ಕೂ ನನಗೂ ಹೈಸ್ಕೂಲಿನಲ್ಲೇ ಋಣ ಹರಿಯಿತು.

ಕಥೆ ಮಾತ್ರ ಸಖತ್ತಾಗಿದೆ. ನೌಕೆ ಕೆಟ್ಟಿದೆ, ಒಳಗಿನ ಗಾಳಿ ಮುಗಿಯುತ್ತಿದೆ, ಅದೇ ಕಕ್ಷೆಯಲ್ಲಿ ಮುಂದೆಲ್ಲೋ ಸಾಮಾನು ತುಂಬಿದ ಇನ್ನೊಂದು ನೌಕೆ ಸುತ್ತುತ್ತಿದೆ. ಅದನ್ನು ಹಿಡಿಯಬೇಕು. ಈಗ ಕ್ಯಾಪ್ಟನ್ ಏನು ಮಾಡುತ್ತಾಳೆ ಗೊತ್ತಾ? ನೌಕೆಯನ್ನು ತಿರುಗಿಸಿ, ಎಂಜಿನ್ ಉರಿಸಿ, ಬ್ರೇಕ್ ಹಾಕುತ್ತಾಳೆ! ಮುಂದಿರುವುದನ್ನು ಹಿಡಿಯೋಕೆ ಬ್ರೇಕಾ? ಆಮೇಲೆ ಒಂದು ಅಧ್ಯಾಯ ಪೂರ್ತಿ ಲೆಕ್ಕ. ನೌಕೆಯಲ್ಲಿರುವವರೆಲ್ಲ ಹೂಂಗುಟ್ಟುತ್ತಾರೆ, ನಾನೊಬ್ಬಳೇ ಪೆಚ್ಚು.

ಇಂಥ ಪುಟ ಹಾರಿಸಿ ಓದುವುದು ಸರಿನಾ? ಅಥವಾ ಕೂತು ಅರ್ಥ ಮಾಡಿಕೊಳ್ಳಲೇಬೇಕಾ? ಮತ್ತೆ ಆ ಬ್ರೇಕ್ ವಿಷಯ ನಿಜವೋ, ಇಲ್ಲ ಲೇಖಕರು ನನ್ನ ಕಿವಿ ಮೇಲೆ ಹೂ ಇಡುತ್ತಿದ್ದಾರೋ?

ಸುಮ್ನೆ ಬಂದೆ
ಹಾರಿಸಿ. ಯಾರೂ ಪರೀಕ್ಷೆ ಇಡಲ್ಲ.

ಹಳೇ ಚಾಳಿ
ಹಾರಿಸಬೇಡಿ! ಇಂಥ ಪುಸ್ತಕದಲ್ಲಿ ವಿಲನ್ ಅಂತ ಬೇರೆ ಯಾರೂ ಇರುವುದಿಲ್ಲ, ಭೌತಶಾಸ್ತ್ರವೇ ವಿಲನ್. ಅದನ್ನು ಬಿಟ್ಟು ಓದಿದರೆ ಆ ಜನ ಯಾರ ಜೊತೆ ಗುದ್ದಾಡುತ್ತಿದ್ದಾರೆ ಅಂತ ತಿಳಿಯುವುದಾದರೂ ಹೇಗೆ?

ದಿಂಬಿನ ಪಕ್ಕದ ಪುಸ್ತಕ
ನನಗೆ ಒಂದು ರಾಗದ ಹೆಸರೂ ಬರಲ್ಲ. ಆದರೂ ಸಂಗೀತ ಕೇಳಿ ಖುಷಿಪಡುತ್ತೇನೆ. ಇದೂ ಹಾಗೇ ಅಲ್ವಾ? ಲೆಕ್ಕ ಬಂದಾಗ ಕಣ್ಣು ಹಾಯಿಸುತ್ತೇನೆ, ಮಾತುಕತೆ ಬಂದಾಗ ನಿಧಾನ ಮಾಡುತ್ತೇನೆ. ಇಷ್ಟು ವರ್ಷ ಹೀಗೇ ಓದಿಕೊಂಡು ಬಂದಿದ್ದೇನೆ, ಯಾವ ಪುಸ್ತಕವೂ ದೂರು ಕೊಟ್ಟಿಲ್ಲ.

ಹಳೇ ಚಾಳಿ
ಸಂಗೀತದಲ್ಲಿ ಯಾರೂ ಸಾಯಲ್ಲ ಮಾರಾಯ್ರೇ. ಇಲ್ಲಿ ಒಂದು ವಾಲ್ವ್ ಯಾವ ಕಡೆಗೆ ತೆರೆಯುತ್ತದೆ ಅನ್ನುವ ಸಾಲು ತಪ್ಪಿಸಿಕೊಂಡರೆ, ನೂರು ಪುಟ ಆದಮೇಲೆ ಒಬ್ಬ ಯಾಕೆ ಸತ್ತ ಅಂತಲೇ ಗೊತ್ತಾಗಲ್ಲ.

ರಿಟೈರ್ಡ್ ಮೇಷ್ಟ್ರು
ಬ್ರೇಕ್ ವಿಷಯ ನಿಜ. ಲೇಖಕರು ಹೂ ಇಟ್ಟಿಲ್ಲ.

ಮೊದಲು ಒಂದು ತಪ್ಪು ಕಲ್ಪನೆ ತೆಗೆದುಹಾಕೋಣ. ಕಕ್ಷೆಯಲ್ಲಿರುವ ನೌಕೆ ಸುಮ್ನೆ ತೇಲುತ್ತಿಲ್ಲ. ಅದು ಬೀಳುತ್ತಲೇ ಇದೆ. ಆದರೆ ಅಡ್ಡಕ್ಕೆ ಎಷ್ಟು ಜೋರಾಗಿ ಓಡುತ್ತಿದೆ ಅಂದರೆ, ಬೀಳುವಷ್ಟರಲ್ಲಿ ಕೆಳಗಿನ ನೆಲ ಬಾಗಿ ಅಷ್ಟೇ ದೂರ ಸರಿದಿರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿದೆ. ಅಲ್ಲಿಯೂ ಭೂಮಿಯ ಎಳೆತ ನೆಲದ ಮೇಲಿರುವುದರ ಶೇ. 90ರಷ್ಟು ಇದ್ದೇ ಇದೆ. ಅಲ್ಲಿನವರು ತೇಲುವುದು ಎಳೆತ ಇಲ್ಲ ಅಂತ ಅಲ್ಲ, ಅವರೂ ನಿಲ್ದಾಣವೂ ಒಟ್ಟಿಗೆ ಬೀಳುತ್ತಿರುವುದರಿಂದ.

ಈಗ ಬ್ರೇಕ್ ಹಾಕಿ ನೋಡಿ. ವೇಗ ಕಳೆದುಕೊಂಡ ನೌಕೆ ಕೆಳಗಿಳಿಯುತ್ತದೆ. ಸುತ್ತುವ ದಾರಿ ಚಿಕ್ಕದಾಗುತ್ತದೆ, ಇಳಿಯುವಾಗ ವೇಗವೂ ಏರುತ್ತದೆ. 400 ಕಿ.ಮೀ. ಎತ್ತರದಲ್ಲಿ ಭೂಮಿಗೆ ಒಂದು ಸುತ್ತು ಬರಲು ಸುಮಾರು 92 ನಿಮಿಷ ಬೇಕು, 300ರಲ್ಲಿ ಸುಮಾರು 90. ಸುತ್ತಿಗೆ ಎರಡು ನಿಮಿಷ ಉಳಿಯಿತು. ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ಜಾಸ್ತಿ ಓಡುವ ವಸ್ತುವಿಗೆ ಎರಡು ನಿಮಿಷ ಅಂದರೆ 900 ಕಿ.ಮೀ. ಆಯಿತು! ಬೇಕಾದಷ್ಟು ಹತ್ತಿರ ಬಂದಮೇಲೆ ಮತ್ತೆ ಎಂಜಿನ್ ಉರಿಸಿ ಮೇಲೆ ಹತ್ತಿದರೆ ಆ ನೌಕೆ ಪಕ್ಕದಲ್ಲೇ ಸಿಗುತ್ತದೆ. ನಿಮ್ಮ ಕ್ಯಾಪ್ಟನ್ ಆತುರಕ್ಕೆ ಬಿದ್ದು ಮುಂದಕ್ಕೆ ನುಗ್ಗಿದ್ದರೆ, ಮೇಲಿನ ಉದ್ದದ ದಾರಿ ಹಿಡಿದು ಇನ್ನೂ ಹಿಂದೆ ಉಳಿಯುತ್ತಿದ್ದಳು.

ಗ್ರಾಫ್ ಪೇಪರ್
ಮೇಷ್ಟ್ರೇ, ಸಣ್ಣ ತಿದ್ದುಪಡಿ. ಒಂದೇ ಸಲ ಬ್ರೇಕ್ ಹಾಕಿದರೆ 300ರ ವೃತ್ತ ಸಿಗಲ್ಲ, ಮೊಟ್ಟೆಯಾಕಾರದ ದಾರಿ ಸಿಗುತ್ತದೆ. ಒಂದು ತುದಿ 300, ಇನ್ನೊಂದು ತುದಿ ಹಳೇ 400. ಹಾಗಾಗಿ ಉಳಿಯುವುದು ಸುತ್ತಿಗೆ ಸುಮಾರು ಒಂದು ನಿಮಿಷ ಮಾತ್ರ. ಇದರಲ್ಲಿ ಒಂದು ಅನುಕೂಲವೂ ಇದೆ. ಬ್ರೇಕ್ ಹಾಕಿದ ಎತ್ತರಕ್ಕೇ ಪ್ರತಿ ಸುತ್ತಿಗೂ ವಾಪಸ್ ಬರುತ್ತೀರಿ. ಗುರಿಯ ನೌಕೆ ಅಲ್ಲಿ ಸಿಕ್ಕ ಸುತ್ತಿನಲ್ಲಿ ಇನ್ನೊಂದು ಸಲ ಎಂಜಿನ್ ಉರಿಸಿದರೆ ಕೆಲಸ ಮುಗಿಯಿತು.

ರಿಟೈರ್ಡ್ ಮೇಷ್ಟ್ರು
ಗೊತ್ತಿದ್ದೇ ಬಿಟ್ಟೆ ಕಣಪ್ಪ. ಕಾಮರ್ಸ್ ಓದಿದವರನ್ನು ಮೊದಲ ಪಾಠದಲ್ಲೇ ಓಡಿಸಬಾರದು.

ಅರ್ಧಕ್ಕೆ ನಿಂತವಳು
ಓಡಿಲ್ಲ ಸಾರ್. ಮೊಟ್ಟೆಯೂ ಅರ್ಥವಾಯಿತು. ಕಾಮರ್ಸ್‌ನವರಿಗೆ ಲೆಕ್ಕದ ಭಯ ಇಲ್ಲ, ಲೆಕ್ಕ ಯಾವುದರದ್ದು ಅಂತ ಹೇಳದೆ ಬರೀ ಅಂಕಿ ಸುರಿದರೆ ಮಾತ್ರ ಸಿಟ್ಟು ಬರುತ್ತದೆ.

ರಾಕೆಟ್ ಹುಚ್ಚ
ಮೇಡಂ, ಈ ಬ್ರೇಕ್ ವಿಷಯದಲ್ಲಿ ನಿಜವಾದ ಗಗನಯಾತ್ರಿಗಳೇ ಪೇಚಿಗೆ ಸಿಕ್ಕಿದ್ದಾರೆ. 1965ರ ಜೂನ್, ಅಮೆರಿಕದ ಜೆಮಿನಿ 4 ನೌಕೆ. ಜೇಮ್ಸ್ ಮೆಕ್‌ಡಿವಿಟ್ ತಮ್ಮನ್ನು ಮೇಲೆ ತಂದ ರಾಕೆಟ್ಟಿನ ಖಾಲಿ ಹಂತದ, ಅಂದರೆ ಇಂಧನ ಮುಗಿದು ಕಳಚಿಕೊಂಡ ಭಾಗದ, ಹತ್ತಿರ ಹೋಗಲು ನೋಡಿದರು. ಅದು ಕಣ್ಣೆದುರೇ ಇದೆ. ಅದರ ಕಡೆ ಮುಖ ಮಾಡಿ ಥ್ರಸ್ಟರ್ (ನೌಕೆಯನ್ನು ತಳ್ಳುವ ಪುಟ್ಟ ಎಂಜಿನ್) ಒತ್ತಿದರು. ಒತ್ತಿದಷ್ಟೂ ಅದು ದೂರ! ಇಂಧನ ಕರಗುತ್ತಾ ಬಂತು, ಕೊನೆಗೆ ಆ ಪ್ರಯತ್ನವನ್ನೇ ಕೈಬಿಟ್ಟರು.

ಅದೇ ವರ್ಷ ಡಿಸೆಂಬರ್ 15ಕ್ಕೆ ಜೆಮಿನಿ 6ಎ ಹೋಗಿ ಜೆಮಿನಿ 7ರ ಪಕ್ಕ ನಿಂತಿತು. ಎರಡರ ನಡುವೆ ಒಂದು ಹಂತದಲ್ಲಿ ಇದ್ದದ್ದು ಸುಮಾರು ಒಂದು ಅಡಿ. ಮಧ್ಯೆ ಬದಲಾದದ್ದು ಧೈರ್ಯ ಅಲ್ಲ, ಲೆಕ್ಕ. ಚಂದ್ರನ ಮೇಲೆ ಕಾಲಿಟ್ಟ ಎರಡನೇ ಮನುಷ್ಯ ಬಜ್ ಆಲ್ಡ್ರಿನ್ ಇದ್ದಾರಲ್ಲ, ಅವರು 1963ರಲ್ಲಿ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದದ್ದೇ ಕಕ್ಷೆಯಲ್ಲಿ ಎರಡು ನೌಕೆಗಳನ್ನು ಹೀಗೆ ಸೇರಿಸುವ ವಿಷಯದ ಮೇಲೆ.

ಸುಮ್ನೆ ಬಂದೆ
ಇಷ್ಟೆಲ್ಲ ಗೊತ್ತಿದ್ದರೆ ಕಾದಂಬರಿ ಯಾಕೆ ಓದಬೇಕು, ಪಠ್ಯಪುಸ್ತಕವೇ ಓದಬಹುದಲ್ಲ 😄

ಗ್ರಂಥಾಲಯದ ಮೂಲೆ
ನಾನೂ ವಿಜ್ಞಾನದವಳಲ್ಲ. ಆದರೆ ಇಂಥ ಪುಸ್ತಕ ಅಂದರೆ ಪ್ರಾಣ. ನಾನು ಓದುವ ರೀತಿ ಹೇಳುತ್ತೇನೆ, ಬೇಕಾದರೆ ತಗೊಳ್ಳಿ.

ಲೆಕ್ಕ ಸರಿ ಇದೆಯಾ ಅಂತ ನಾನು ನೋಡುವುದೇ ಇಲ್ಲ, ಅದು ನನ್ನ ಕೆಲಸವೂ ಅಲ್ಲ. ಪಾತ್ರಗಳು ಲೆಕ್ಕ ಶುರು ಮಾಡಿದ ಕೂಡಲೇ ನಾನು ಹುಡುಕುವುದು ಒಂದೇ, ಇಲ್ಲಿ ಯಾವುದು ಸಾಲುತ್ತಿಲ್ಲ? ಗಾಳಿಯಾ, ಇಂಧನವಾ, ಸಮಯವಾ, ಕರೆಂಟಾ? ಅದು ಗೊತ್ತಾದರೆ ಉಳಿದ ಅಂಕಿಗಳೆಲ್ಲ ತಾವಾಗಿಯೇ ಜಾಗಕ್ಕೆ ಬಂದು ಕೂರುತ್ತವೆ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು ಅಂತ ಎಲ್ಲೋ ಒಂದು ಸಾಲು ಬಂತು ಅಂದುಕೊಳ್ಳಿ. ಒಣ ಮಾಹಿತಿ ಅನ್ನಿಸುತ್ತದೆ. ನಾಲ್ಕು ಪುಟ ಆದಮೇಲೆ ಡಬ್ಬಿಯಲ್ಲಿ ಹತ್ತು ಕಿಲೋ ಉಳಿದಿದೆ, ನೌಕೆಯಲ್ಲಿ ನಾಲ್ಕು ಜನ ಇದ್ದಾರೆ ಅಂತ ಬರುತ್ತದೆ. ಆಗ ಪುಸ್ತಕ ಹೇಳುವ ಮೊದಲೇ ನನ್ನ ತಲೆಯಲ್ಲಿ ಮೂರು ದಿನ ಅಂತ ಬಂದಿರುತ್ತದೆ. ಪಾತ್ರಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಾಗ ನಾನೂ ಅವರ ಜೊತೆ ನೋಡುತ್ತಿರುತ್ತೇನೆ. ಮೊದಲ ಸಾಲು ಹಾರಿಸಿದ್ದರೆ ಆ ನೋಟ ನನಗೆ ಸಿಗುತ್ತಿತ್ತಾ?

ಹಾಗಂತ ಎಲ್ಲವನ್ನೂ ಓದುವುದಿಲ್ಲ. ಎಂಜಿನ್ ಒಳಗೆ ಯಾವ ಪಂಪ್ ಯಾವ ದಿಕ್ಕಿಗೆ ತಿರುಗುತ್ತದೆ ಅಂತ ಅರ್ಧ ಪುಟ ಬಂದರೆ ನಾನೂ ಜಾರಿಕೊಳ್ಳುತ್ತೇನೆ.

ಹಳೇ ಚಾಳಿ
ಪಂಪ್ ಬಿಟ್ಟು ಓದುತ್ತೀರಾ? ಪಂಪೇ ಅಲ್ವಾ ಮಜಾ!

ಕೆಂಪು ಪೆನ್ನು
ಎಲ್ಲರೂ ಓದುಗರಿಗೇ ಬುದ್ಧಿ ಹೇಳುತ್ತಿದ್ದೀರಿ. ಲೇಖಕರಿಗೆ ಯಾರು ಹೇಳುತ್ತಾರೆ? ಬೇಕಾದಷ್ಟು ಪುಸ್ತಕ ನೋಡಿದ್ದೇನೆ. ಹತ್ತು ತಿಂಗಳು ಕೂತು ಸಂಶೋಧನೆ ಮಾಡಿರುತ್ತಾರೆ, ಅದರಲ್ಲಿ ಒಂದು ಚೂರೂ ಬಿಡಲು ಮನಸ್ಸಿಲ್ಲ. ಇಬ್ಬರು ಎಂಜಿನಿಯರುಗಳು ಇಬ್ಬರಿಗೂ ಗೊತ್ತಿರುವ ವಿಷಯವನ್ನೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. "ನಿನಗೆ ಗೊತ್ತೇ ಇದೆ, ಮಂಗಳದಲ್ಲಿ ಒಂದು ದಿನ 24 ಗಂಟೆ 39 ನಿಮಿಷ." ಗೊತ್ತಿದ್ದರೆ ಯಾಕಪ್ಪ ಹೇಳುತ್ತೀಯ?

ಅಂಕಿ ಬಂದಾಗ ಒಂದು ಪಾತ್ರಕ್ಕಾದರೂ ಏನಾದರೂ ಆಗಬೇಕು. ಹೊಟ್ಟೆ ತಣ್ಣಗಾಗಬೇಕು, ಜಗಳ ಹತ್ತಬೇಕು, ಒಬ್ಬಳು ಸುಳ್ಳು ಹೇಳಬೇಕು. ಏನೂ ಆಗದಿದ್ದರೆ ಅದು ಹೋಂವರ್ಕ್. ಅರ್ಥವಾಗದಿದ್ದರೂ ಪರವಾಗಿಲ್ಲ ಓದಿ ಅನ್ನುವವರ ಮಾತು ನನಗೆ ಹಿಡಿಸಲ್ಲ. ದುಡ್ಡು ಕೊಟ್ಟು ಕೊಂಡ ಓದುಗ ಯಾಕೆ ಅರ್ಧಂಬರ್ಧ ಊಟ ಮಾಡಿ ಏಳಬೇಕು?

ದಿಂಬಿನ ಪಕ್ಕದ ಪುಸ್ತಕ
ಪರವಾಗಿಲ್ಲ ಅಂದದ್ದು ನಾನು. ನಾನು ಖುಷಿಯಾಗಿಯೇ ಎದ್ದಿದ್ದೇನೆ, ನನ್ನ ಪರವಾಗಿ ನೀವು ಯಾಕೆ ಹಸಿದುಕೊಳ್ಳುತ್ತೀರಿ?

ಕೆಂಪು ಪೆನ್ನು
😂 ಸರಿ ಬಿಡಿ.

ರಾಕೆಟ್ ಹುಚ್ಚ
ಕೆಂಪು ಪೆನ್ನು ಹೇಳಿದ್ದಕ್ಕೆ ನಿಜ ಜೀವನದ ಒಂದು ಉದಾಹರಣೆ ಇದೆ. ಅಪೊಲೊ 13, ಮೂವರು ಗಗನಯಾತ್ರಿಗಳನ್ನು ಚಂದ್ರನತ್ತ ಒಯ್ಯುತ್ತಿದ್ದ ಅಮೆರಿಕದ ನೌಕೆ. 1970ರ ಏಪ್ರಿಲ್ 13ಕ್ಕೆ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಮೂವರೂ ಚಂದ್ರನ ಮೇಲೆ ಇಳಿಯಲು ಇಟ್ಟುಕೊಂಡಿದ್ದ ಪುಟ್ಟ ನೌಕೆಗೆ ಹೋಗಿ ಸೇರಿಕೊಂಡರು. ಅದು ಇಬ್ಬರಿಗೆ ಎರಡು ದಿನಕ್ಕೆ ಅಂತ ಮಾಡಿದ್ದು. ಈಗ ಮೂವರು, ಸುಮಾರು ನಾಲ್ಕು ದಿನ.

ಉಸಿರಾಡಲು ಆಮ್ಲಜನಕ ಸಾಕಷ್ಟಿತ್ತು. ಸಾಯಿಸಲು ಹೊರಟದ್ದು ಅವರೇ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್. ಅದನ್ನು ಹೀರಿಕೊಳ್ಳುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳು ದೊಡ್ಡ ನೌಕೆಯಲ್ಲಿ ಬೇಕಾದಷ್ಟಿದ್ದವು, ಆದರೆ ಚೌಕ. ಪುಟ್ಟ ನೌಕೆಯ ಗೂಡುಗಳು ದುಂಡಗೆ. ಕೆಳಗಿನ ಎಂಜಿನಿಯರುಗಳು ನೌಕೆಯಲ್ಲಿ ಏನೇನಿದೆ ಅಂತ ಪಟ್ಟಿ ಹಿಡಿದು ಕೂತರು. ಪ್ಲಾಸ್ಟಿಕ್ ಚೀಲ, ಕೈಪಿಡಿಯ ರಟ್ಟು, ಸ್ಪೇಸ್ ಸೂಟಿನ ಗಾಳಿ ಕೊಳವೆ, ಬೂದು ಬಣ್ಣದ ಟೇಪು. ಅಷ್ಟರಲ್ಲೇ ಒಂದು ಜೋಡಣೆ ಮಾಡಿ, ಹೇಗೆ ಕಟ್ಟಬೇಕು ಅಂತ ರೇಡಿಯೋದಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳಿದರು. ಕೆಲಸ ಮಾಡಿತು. 17ನೇ ತಾರೀಕು ಮೂವರೂ ಸಮುದ್ರಕ್ಕೆ ಇಳಿದರು.

ಇದನ್ನು ಓದಿ ರೋಮಾಂಚನ ಆಗಲು ಲಿಥಿಯಂ ಹೈಡ್ರಾಕ್ಸೈಡ್ ಹೇಗೆ ಹೀರುತ್ತದೆ ಅಂತ ಗೊತ್ತಿರಬೇಕಾ? ಬೇಡ. ಚೌಕ, ದುಂಡು, ಟೇಪು. ಇಷ್ಟು ಕಣ್ಣಿಗೆ ಕಟ್ಟಿದರೆ ಸಾಕು.

ಹಳೇ ಚಾಳಿ
ಆಮ್ಲಜನಕ ಸಾಕಿತ್ತು, ಕೊಲ್ಲುವುದು ಬೇರೆ ಅನಿಲ. ಆ ಒಂದು ವಿಜ್ಞಾನದ ಸಾಲು ಗೊತ್ತಿಲ್ಲದಿದ್ದರೆ ಚೌಕ ಡಬ್ಬಿಗೆ ಯಾಕೆ ಇಷ್ಟು ಒದ್ದಾಟ ಅಂತಲೇ ತಿಳಿಯಲ್ಲ. ನೀವು ನನ್ನ ಪಕ್ಷವನ್ನೇ ಗಟ್ಟಿ ಮಾಡಿದಿರಿ, ಥ್ಯಾಂಕ್ಸ್.

ಎರಡನೇ ಪುಟ
ವಿಷಯ ಬಿಟ್ಟು ಒಂದು ಪ್ರಶ್ನೆ. ಸ್ಪೇಸ್ ಸೂಟ್ ಹರಿದರೆ ಮನುಷ್ಯ ಬಲೂನಿನ ಹಾಗೆ ಒಡೆದು ಹೋಗುತ್ತಾನಾ? ಒಂದು ಕಥೆಯಲ್ಲಿ ಹಾಗೆ ಬರೆದಿದ್ದರು. ಇನ್ನೊಂದರಲ್ಲಿ ಕ್ಷಣದಲ್ಲಿ ಕಲ್ಲಿನ ಹಾಗೆ ಹೆಪ್ಪುಗಟ್ಟಿದ.

ರಾಕೆಟ್ ಹುಚ್ಚ
ಎರಡೂ ಸುಳ್ಳು. ಮೈ ಊದಿಕೊಳ್ಳುತ್ತದೆ, ಒಡೆಯಲ್ಲ. ಚರ್ಮ ಗಟ್ಟಿ ಇದೆ. ಹತ್ತು ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. 1966ರಲ್ಲಿ ನಾಸಾದ ನಿರ್ವಾತ (ಗಾಳಿ ಹೊರತೆಗೆದ) ಕೋಣೆಯಲ್ಲಿ ಸೂಟ್ ಪರೀಕ್ಷೆ ಮಾಡುತ್ತಿದ್ದ ಜಿಮ್ ಲೆಬ್ಲಾಂಕ್ ಅವರ ಗಾಳಿ ಕೊಳವೆ ಕಳಚಿಕೊಂಡಿತು. ಪ್ರಜ್ಞೆ ತಪ್ಪುವ ಮುಂಚೆ ಅವರಿಗೆ ನೆನಪಿದ್ದ ಕೊನೆಯ ವಿಷಯ, ನಾಲಿಗೆಯ ಮೇಲೆ ಎಂಜಲು ಗುಳುಗುಳು ಕುದಿಯುತ್ತಿದ್ದದ್ದು. ಬೇಗ ಗಾಳಿ ತುಂಬಿದರು, ಬದುಕಿದರು.

ಎರಡನೇ ಪುಟ
ಎಂಜಲು ಕುದಿಯುವುದಾ?? ಬಾಯಿ ಸುಡಲ್ವಾ?

ರಿಟೈರ್ಡ್ ಮೇಷ್ಟ್ರು
ಸುಡಲ್ಲ. ಒತ್ತಡ ಇಳಿದಷ್ಟೂ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ನಿರ್ವಾತದಲ್ಲಿ ಮೈಬಿಸಿಯೇ ಸಾಕು. ಕುದಿಯುವುದು ಬೇರೆ, ಸುಡುವುದು ಬೇರೆ.

ಸುಮ್ನೆ ಬಂದೆ
ಈ ಚರ್ಚೆಯೇ ಕಾದಂಬರಿಗಿಂತ ಚೆನ್ನಾಗಿದೆ.

ಗ್ರಾಫ್ ಪೇಪರ್
ತಪ್ಪು ವಿಜ್ಞಾನ ಅಂತ ಮಾತು ಬಂತಲ್ಲ, ಅದಕ್ಕೆ. ನನಗೆ ಎಲ್ಲಕ್ಕಿಂತ ಕಿರಿಕಿರಿ ಆಗುವುದು ಸಣ್ಣ ಚಕ್ರದ ನೌಕೆಗಳು. ಗಿರಗಿರ ತಿರುಗಿಸಿ ಒಳಗೆ ಭೂಮಿಯಷ್ಟೇ ತೂಕ ಬರಿಸುತ್ತಾರೆ. ನಿಮಿಷಕ್ಕೆ ಎರಡೇ ಸುತ್ತಿನಲ್ಲಿ ಅಷ್ಟು ತೂಕ ಬೇಕಾದರೆ ಚಕ್ರದ ನಡುವಿನಿಂದ ಅಂಚಿಗೆ ಸುಮಾರು 224 ಮೀಟರ್ ಇರಬೇಕು. ಚಿಕ್ಕದು ಮಾಡಿದರೆ ಜೋರಾಗಿ ತಿರುಗಿಸಬೇಕು. ಆಗ ತಲೆ ಆಡಿಸಿದರೂ ಸಾಕು, ವಾಕರಿಕೆ. ಪುಸ್ತಕದಲ್ಲಿ ಮಾತ್ರ ಎಲ್ಲರೂ ಆರಾಮಾಗಿ ನಡೆದಾಡುತ್ತಾರೆ.

ದಿಂಬಿನ ಪಕ್ಕದ ಪುಸ್ತಕ
ನೋಡಿ, ಗೊತ್ತಿದ್ದವರಿಗೇ ಕಷ್ಟ ಜಾಸ್ತಿ. ನಾನು ಆ ಚಕ್ರದಲ್ಲಿ ನೆಮ್ಮದಿಯಾಗಿ ಓಡಾಡಿಕೊಂಡಿದ್ದೆ.

ರಿಟೈರ್ಡ್ ಮೇಷ್ಟ್ರು
ಒಂದು ಬೇಕಾದ ಸುಳ್ಳನ್ನು ನಾನು ಕ್ಷಮಿಸುತ್ತೇನೆ. ಮಂಗಳದ ಕಥೆಯಲ್ಲಿ ಬಿರುಗಾಳಿ ಎದ್ದು ರಾಕೆಟ್ ಉರುಳಿಸಿತು ಅನ್ನುತ್ತಾರೆ. ಅಲ್ಲಿನ ಗಾಳಿಯ ಒತ್ತಡ ಭೂಮಿಯದರ ಶೇ. 1ಕ್ಕಿಂತ ಕಡಿಮೆ, ಅಷ್ಟು ತೆಳ್ಳಗಿನ ಗಾಳಿ ಎಷ್ಟು ಜೋರಾಗಿ ಬೀಸಿದರೂ ರಾಕೆಟ್ ಅಲ್ಲಾಡುವುದು ಕಷ್ಟ. ಸರಿ, ಕಥೆ ಶುರುವಾಗಲು ಅದು ಬೇಕಿತ್ತು, ಬಿಟ್ಟೆ. ಆದರೆ ಶುರುವಿನಲ್ಲಿ ಹಾಕಿದ ನಿಯಮವನ್ನು ಕೊನೆಯಲ್ಲಿ ಲೇಖಕರೇ ಮುರಿದು ಹೀರೋನನ್ನು ಉಳಿಸಿದರೆ ಪುಸ್ತಕ ಮುಚ್ಚಿಡುತ್ತೇನೆ. ಮೊದಲ ಭಾಗದಲ್ಲಿ ಮಂಗಳಕ್ಕೆ ರೇಡಿಯೋ ಸಂದೇಶ ಹೋಗಲು ಇಪ್ಪತ್ತು ನಿಮಿಷ ಅಂತ ಬರೆದು, ಕೊನೆಗೆ ಭೂಮಿಯಲ್ಲಿರುವ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡಿದ ಹಾಗೆ ಮಾತಾಡಿಸಿದರೆ?

ಎರಡನೇ ಪುಟ
ಇಪ್ಪತ್ತು ನಿಮಿಷನಾ? ನಾನು ಓದಿದ್ದರಲ್ಲಿ ಮೂರು ಅಂತ ಇತ್ತು.

ಗ್ರಾಫ್ ಪೇಪರ್
ಎರಡೂ ಸರಿ. ಎರಡು ಗ್ರಹಗಳೂ ಸೂರ್ಯನನ್ನು ಸುತ್ತುತ್ತಿರುತ್ತವೆ. ಹತ್ತಿರ ಬಂದಾಗ ಸುಮಾರು 3 ನಿಮಿಷ, ಸೂರ್ಯನ ಆಚೆ ಈಚೆ ಆದಾಗ ಸುಮಾರು 22. ಅದು ಹೋಗಲು ಮಾತ್ರ. ಉತ್ತರ ಬರಲು ಇನ್ನೊಂದು ಅಷ್ಟು.

ಗ್ರಂಥಾಲಯದ ಮೂಲೆ
ಈ ತಡ ಅನ್ನುವುದನ್ನು ಒಳ್ಳೇ ಲೇಖಕರು ಎಷ್ಟು ಚೆನ್ನಾಗಿ ಬಳಸುತ್ತಾರೆ ಅಲ್ವಾ. "ಸಹಾಯ ಮಾಡಿ" ಅಂತ ಕಳಿಸಿದ ಮೇಲೆ ಮುಕ್ಕಾಲು ಗಂಟೆ ಕಾಯಬೇಕು. ಆ ಮುಕ್ಕಾಲು ಗಂಟೆಯಲ್ಲಿ ಏನು ಬೇಕಾದರೂ ಆಗಬಹುದು. ಅಧಿಕಾರಿಗಳು ಅಪ್ಪಣೆ ಕೊಡುವ ಹೊತ್ತಿಗೆ ಇಲ್ಲಿ ಪರಿಸ್ಥಿತಿಯೇ ಬೇರೆ. ನನ್ನಂಥವಳಿಗೆ ಬೆಳಕಿನ ವೇಗದ ಅಂಕಿ ಬೇಡ, ಆ ಕಾಯುವುದು ಸಾಕು.

ಇಂಧನ ಖಾಲಿ
ತಡವಾಗಿ ಬಂದೆ. ಕಕ್ಷೆ ಅರ್ಥವಾಗಬೇಕು ಅಂದರೆ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಅಂತ ಒಂದು ಕಂಪ್ಯೂಟರ್ ಗೇಮ್ ಇದೆ, ಆಡಿ ನೋಡಿ. ಬ್ರೇಕ್ ಹಾಕಿ ಮುಂದಿನದನ್ನು ಹಿಡಿಯುವುದು ಅದರಲ್ಲಿ ಕೈಗೇ ರೂಢಿಯಾಗುತ್ತದೆ. ನನ್ನ ರಾಕೆಟ್ಟುಗಳು ಜಾಸ್ತಿ ಸಿಡಿದಿವೆ, ಕಡಿಮೆ ಹಾರಿವೆ. ಆದರೆ ಇಂಧನ ಯಾಕೆ ಸಾಲಲ್ಲ ಅಂತ ಚೆನ್ನಾಗಿ ಗೊತ್ತಾಯಿತು. ಇಂಧನ ಹೊರಲು ಇಂಧನ ಬೇಕು, ಅದನ್ನು ಹೊರಲು ಇನ್ನಷ್ಟು. ಚಂದ್ರನಿಗೆ ಹೋದ ಸ್ಯಾಟರ್ನ್ 5 ಹೊರಡುವಾಗ 2,900 ಟನ್ನಿನ ಆಸುಪಾಸು. ಮೂವರನ್ನು ಕೂರಿಸಿಕೊಂಡು ವಾಪಸ್ ಬಂದದ್ದು ಐದಾರು ಟನ್ನಿನ ಒಂದು ಗೂಡು.

ಕೆಂಪು ಪೆನ್ನು
ಹೊರಟದ್ದು 2,900, ಬಂದದ್ದು ಐದಾರು. ಈ ಒಂದು ಸಾಲು ಯಾವ ಸಮೀಕರಣಕ್ಕಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಇಷ್ಟು ಬರೆದು ಮುಂದೆ ಹೋಗಬೇಕು ಲೇಖಕರು.

ಅರ್ಧಕ್ಕೆ ನಿಂತವಳು
ಎಲ್ಲರಿಗೂ ಥ್ಯಾಂಕ್ಸ್. ಆ ಲೆಕ್ಕದ ಅಧ್ಯಾಯ ಮತ್ತೆ ಓದಿದೆ. ಯಾವುದು ಸಾಲುತ್ತಿಲ್ಲ ಅಂತ ಹುಡುಕುತ್ತಾ ಓದಿದೆ. ಗಾಳಿ ಅಲ್ಲವೇ ಅಲ್ಲ! ಕ್ಯಾಪ್ಟನ್ ಬ್ರೇಕ್ ಹಾಕಲು ಖರ್ಚು ಮಾಡಿದ ಇಂಧನದಿಂದ ವಾಪಸ್ ಹೋಗುವ ದಾರಿ ಮುಚ್ಚಿದೆ. ಅದು ಅವಳಿಗೊಬ್ಬಳಿಗೇ ಗೊತ್ತು. ಉಳಿದವರು ಹೂಂಗುಟ್ಟುತ್ತಿದ್ದದ್ದು ಅದು ತಿಳಿಯದೆ. ಮೈ ಜುಮ್ಮೆಂದಿತು.

ಈಗ ಇನ್ನೊಂದು ಗಂಟು. ಮುಂದಿನ ಅಧ್ಯಾಯದಲ್ಲಿ ನೌಕೆ ವಿಪರೀತ ಬಿಸಿಯಾಗುತ್ತಿದೆ ಅಂತ ಎಲ್ಲರೂ ಗಾಬರಿಯಾಗಿದ್ದಾರೆ. ಹೊರಗೆ ಕೊರೆಯುವ ಚಳಿ ಅಲ್ವಾ? ಕಿಟಕಿ ತೆಗೆದ ಹಾಗೆ ಏನಾದರೂ ಮಾಡಿ ತಣ್ಣಗೆ ಮಾಡಬಹುದಲ್ಲ?

ರಾಕೆಟ್ ಹುಚ್ಚ
ಬಿಸಿ ಹೊತ್ತುಕೊಂಡು ಹೋಗಲು ಹೊರಗೆ ಗಾಳಿಯೇ ಇಲ್ಲ ಮೇಡಂ. ಒಳಗಿನ ಯಂತ್ರ, ಕಂಪ್ಯೂಟರ್, ಮನುಷ್ಯರು ಎಲ್ಲ ಬಿಸಿ ಹುಟ್ಟಿಸುತ್ತಲೇ ಇರುತ್ತಾರೆ. ಅದು ಹೊರಗೆ ಹೋಗಬೇಕಾದರೆ ಬೆಳಕಿನ ಹಾಗೆ ಹೊರಸೂಸಿಯೇ ಹೋಗಬೇಕು, ಅದು ನಿಧಾನ. ಅದಕ್ಕೇ ಬಾಹ್ಯಾಕಾಶ ನಿಲ್ದಾಣಕ್ಕೆ ಅಗಲವಾದ ಬಿಳಿ ರೇಡಿಯೇಟರ್ ಫಲಕಗಳಿವೆ. ಕೊಳವೆಯಲ್ಲಿ ಅಮೋನಿಯಾ ಹರಿದು ಒಳಗಿನ ಬಿಸಿಯನ್ನು ಅಲ್ಲಿಗೆ ತಂದು ಬಿಡುತ್ತದೆ.

ಎರಡನೇ ಪುಟ
ತಾಳಿ, ಅಪೊಲೊ 13ರಲ್ಲಿ ಮೂವರೂ ಚಳಿಗೆ ನಡುಗಿದರು ಅಂತ ಓದಿದ್ದೇನೆ. ಅದು ಹೇಗೆ?

ರಾಕೆಟ್ ಹುಚ್ಚ
ಕರೆಂಟು ಉಳಿಸಲು ಹೆಚ್ಚುಕಮ್ಮಿ ಎಲ್ಲ ಯಂತ್ರ ಆರಿಸಿದ್ದರು. ಒಳಗೆ ಹುಟ್ಟುವ ಬಿಸಿ ಕಡಿಮೆಯಾಯಿತು, ಹೊರಗೆ ಹೋಗುವುದು ಹೋಗುತ್ತಲೇ ಇತ್ತು. ಯಂತ್ರ ನಡೆಯುತ್ತಿದ್ದು ಫಲಕ ಕೆಲಸ ಮಾಡದಿದ್ದರೆ ಇದರ ಉಲ್ಟಾ.

ಅರ್ಧಕ್ಕೆ ನಿಂತವಳು
ಒಂದು ನಿಮಿಷ. ಐದನೇ ಅಧ್ಯಾಯದಲ್ಲಿ ಎಂಜಿನಿಯರ್ ಹೊರಗೆ ಹೋಗಿ ಕೆಲವು ಬಿಳಿ ಫಲಕ ಮಡಚಿಟ್ಟು ಬಂದಿದ್ದ. ಅಡ್ಡ ಬರುತ್ತವೆ ಅಂತ. ಅಯ್ಯೋ. ಯಾರೂ ಏನೂ ಬರೆಯಬೇಡಿ, ಓದಿ ಬರುತ್ತೇನೆ.

ರಿಟೈರ್ಡ್ ಮೇಷ್ಟ್ರು
ಫಲಕದ ಅಳತೆ ಕೊಟ್ಟಿದ್ದಾರಾ ನೋಡಿ. ಕೊಟ್ಟಿದ್ದರೆ ಇಲ್ಲಿ ಹಾಕಿ, ಎಷ್ಟು ಹೊತ್ತು ತಡೆಯುತ್ತದೆ ಅಂತ ಲೆಕ್ಕ ಮಾಡಿ ಇಡುತ್ತೇನೆ.